ಅಪಾಚೆ 2.4.37: ಪ್ಯಾಚ್‌ಗಳೆಲ್ಲ ಇದ್ದರೂ ಸ್ಕ್ಯಾನ್ ವರದಿಯಲ್ಲಿ ‘ಗಂಭೀರ’ ದೋಷಗಳು

ಪ್ರಶ್ನೆ:
ನಮ್ಮ ವೆಬ್ ಸರ್ವರ್ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ನಡೆಯುತ್ತಿದ್ದು, ಅಪ್‌ಡೇಟ್‌ಗಳನ್ನು ತಪ್ಪದೆ ಹಾಕುತ್ತಿದ್ದೇವೆ. ಆದರೂ ಭದ್ರತಾ ದೋಷಗಳನ್ನು ಹುಡುಕುವ ಸ್ಕ್ಯಾನರ್, ನಮ್ಮ ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆ 2.4.37 ಹಳೆಯದೆಂದು ಹೇಳಿ, ಸಿವಿಇ-2021-40438 ಮತ್ತು ಸಿವಿಇ-2021-41773 (ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತು ಸಂಖ್ಯೆ) ಸೇರಿದಂತೆ ಉದ್ದನೆಯ ಪಟ್ಟಿ ಕೊಟ್ಟಿದೆ. ಸಾಲದ್ದಕ್ಕೆ, ನಮ್ಮಲ್ಲಿ ಇಲ್ಲವೇ ಇಲ್ಲದ ಹಲವು ಆಡಳಿತ ಪುಟಗಳು ಸಿಕ್ಕಿವೆ ಎಂದು ನಿಕ್ಟೋ ಎಂಬ ವೆಬ್ ಸ್ಕ್ಯಾನಿಂಗ್ ಸಾಧನ ಹೇಳುತ್ತಿದೆ. ಹೊಸ ಅಪಾಚೆಯನ್ನು ನಾವೇ ಕಂಪೈಲ್ ಮಾಡಿ ಹಾಕಬೇಕೇ?

ಉತ್ತರ:
ಬೇಡ. ಹಾಗೆ ಮಾಡಿದರೆ ಮುಂದಿನ ಪ್ರತಿ ಪ್ಯಾಚ್‌ನ ಹೊಣೆಯೂ ನಿಮ್ಮ ತಲೆಗೇ ಬರುತ್ತದೆ. ಹೊರಗಿನಿಂದ ನೋಡುವ ಸ್ಕ್ಯಾನರ್ ಸಾಮಾನ್ಯವಾಗಿ, ಸರ್ವರ್ ತನ್ನ ಉತ್ತರದ ಜೊತೆ ಕಳಿಸುವ ಹೆಡರ್‌ನಲ್ಲಿರುವ ಆವೃತ್ತಿ ಸಂಖ್ಯೆಯನ್ನು ಓದಿ ಪಟ್ಟಿಯೊಡನೆ ಹೋಲಿಸುತ್ತದೆಯೇ ಹೊರತು, ದೋಷವನ್ನು ಪರೀಕ್ಷಿಸಿ ನೋಡಿರುವುದಿಲ್ಲ. ರೆಡ್ ಹ್ಯಾಟ್ ಮೂಲ ಆವೃತ್ತಿಯನ್ನು ಬದಲಿಸದೆ ಭದ್ರತಾ ತಿದ್ದುಪಡಿಯನ್ನಷ್ಟೇ ಹಳೆಯ ಕೋಡಿಗೆ ಬ್ಯಾಕ್‌ಪೋರ್ಟ್ ಮಾಡುವುದರಿಂದ 2.4.37 ಎಂಬ ಸಂಖ್ಯೆ ಹಾಗೆಯೇ ಉಳಿದು, ಅದರ ನಂತರದ ರಿಲೀಸ್ ಸಂಖ್ಯೆ ಮಾತ್ರ ಏರುತ್ತದೆ. ಅದು ಹೆಡರ್‌ನಲ್ಲಿ ಕಾಣುವುದಿಲ್ಲ. ಆರ್‌ಪಿಎಂ ಆಜ್ಞೆಯಿಂದ ಎಚ್‌ಟಿಟಿಪಿಡಿ (ರೆಡ್ ಹ್ಯಾಟ್‌ನಲ್ಲಿ ಅಪಾಚೆಯ ಹೆಸರು) ಪ್ಯಾಕೇಜಿನ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ದಾಖಲೆ, ತೆರೆದು ಸಿವಿಇ ಸಂಖ್ಯೆಯನ್ನು ಹುಡುಕಿ ನೋಡಿ; ಅದು ಅಲ್ಲಿದ್ದರೆ ತಿದ್ದುಪಡಿ ಬಂದಿದೆ.

ನಿಕ್ಟೋ ವಿಚಾರ ಬೇರೆ. ಯಾವುದೋ ಅರ್ಥವಿಲ್ಲದ ವಿಳಾಸವನ್ನು ಕರ್ಲ್ ಎಂಬ ಆಜ್ಞೆಯಿಂದ ಕೇಳಿ ನೋಡಿ: 404ರ (ಪುಟವಿಲ್ಲ) ಬದಲು 200 (ಸರಿ) ಬಂದರೆ, ನಿಮ್ಮ ಆ್ಯಪ್ ಇಲ್ಲದ ವಿಳಾಸಗಳಿಗೂ ಯಾವುದೋ ಪುಟವನ್ನು, ಹೆಚ್ಚಾಗಿ ಮುಖಪುಟವನ್ನೇ, ಕೊಡುತ್ತಿದೆ ಎಂದರ್ಥ; ಅದನ್ನೇ ನಿಕ್ಟೋ ಪುಟ ಸಿಕ್ಕಿತು ಎಂದುಕೊಳ್ಳುತ್ತದೆ.

ಮರುಪ್ರಶ್ನೆ:
ನೀವು ಹೇಳಿದಂತೆ 200 ಬಂತು. ಚೇಂಜ್‌ಲಾಗ್‌ನಲ್ಲಿ 40438 ಇದೆ, ಆದರೆ 41773ರ ಸುಳಿವೇ ಇಲ್ಲ. ಹಾಗಾದರೆ ಆ ಒಂದು ದೋಷ ನಿಜವೇ?

ಉತ್ತರ:
ಅದೂ ಸುಳ್ಳು ಎಚ್ಚರಿಕೆಯೇ, ಕಾರಣ ಮಾತ್ರ ಬೇರೆ. 40438 ಎಂಬುದು 2.4.48 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ, ವಿನಂತಿಗಳನ್ನು ಬೇರೆ ಸರ್ವರ್‌ಗೆ ರವಾನಿಸುವ ಮಾಡ್-ಪ್ರಾಕ್ಸಿ ಎಂಬ ಭಾಗದಲ್ಲಿದ್ದ ದೋಷವಾದ್ದರಿಂದ ನಿಮ್ಮ ಪ್ಯಾಕೇಜಿಗೆ ತಿದ್ದುಪಡಿ ಬೇಕಿತ್ತು, ಬಂದಿದೆ. 41773 ಹುಟ್ಟಿದ್ದೇ 2.4.49ರಲ್ಲಿ, ಫೈಲ್ ಮಾರ್ಗಗಳನ್ನು ಸರಿಪಡಿಸುವ ಕೋಡನ್ನು ಬದಲಿಸಿದಾಗ, 2.4.37ರಲ್ಲಿ ಅದು ಇರಲೇ ಇಲ್ಲ, ಇಲ್ಲದ್ದಕ್ಕೆ ಪ್ಯಾಚ್ ಎಲ್ಲಿಂದ ಬರಬೇಕು? ಇಂಥವುಗಳಿಗೆ ಚೇಂಜ್‌ಲಾಗ್ ಸಾಲದು. ಆಯಾ ಸಿವಿಇಗೆ ರೆಡ್ ಹ್ಯಾಟ್ ಪ್ರಕಟಿಸಿರುವ ಪುಟದಲ್ಲಿ ನಿಮ್ಮ ಆವೃತ್ತಿಗೆ ಬಾಧೆಯಿಲ್ಲ ಎಂದಿದೆಯೇ ನೋಡಿ, ಅದನ್ನೇ ಪುರಾವೆಯಾಗಿ ಲಗತ್ತಿಸಿ.

ಇಷ್ಟಾದರೂ ಇಡೀ ಪಟ್ಟಿಯನ್ನು ಒಂದೇ ಏಟಿಗೆ ತಳ್ಳಿಹಾಕಬೇಡಿ. ಅಪಾಚೆ ಬಳಸುವ ಗೂಢಲಿಪೀಕರಣ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಆದಮೇಲೆ ಅಪಾಚೆಯನ್ನು ಮರುಪ್ರಾರಂಭಿಸದಿದ್ದರೆ, ಡಿಸ್ಕಿನಲ್ಲಿ ಹೊಸ ಲೈಬ್ರರಿ ಇದ್ದರೂ ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ, ಪ್ಯಾಕೇಜ್ ಪಟ್ಟಿ ಮಾತ್ರ ಎಲ್ಲ ಸರಿಯಾಗಿದೆ ಎನ್ನುತ್ತದೆ. ನೀಡ್ಸ್-ರೀಸ್ಟಾರ್ಟಿಂಗ್ ಆಜ್ಞೆ ಅಂಥ ಪ್ರಕ್ರಿಯೆಗಳನ್ನು ತೋರಿಸುತ್ತದೆ.

ಅಪಾಚೆಯ ಸರ್ವರ್‌ಟೋಕನ್ಸ್ ಎಂಬ ಸೆಟ್ಟಿಂಗ್ ಅನ್ನು ‘ಪ್ರಾಡ್’ಗೆ ಬದಲಿಸಿದರೆ ಹೆಡರ್‌ನಿಂದ ಆವೃತ್ತಿ ಮರೆಯಾಗಿ ವರದಿ ಚಿಕ್ಕದಾಗಬಹುದು, ಆದರೆ ನನ್ನ ದೃಷ್ಟಿಯಲ್ಲಿ ಅದು ಪರಿಹಾರವಲ್ಲ. ಸ್ಕ್ಯಾನರ್‌ಗೆ ಲಾಗಿನ್ ಕೊಟ್ಟು, ಪ್ಯಾಕೇಜುಗಳ ಪೂರ್ಣ ರಿಲೀಸ್ ಸಂಖ್ಯೆಯನ್ನೇ ಓದುವಂತೆ ಮಾಡುವುದು ಮೇಲು. ಆಮೇಲೂ ಉಳಿದವುಗಳಿಗೆ ವಿನಾಯಿತಿ ಬರೆಯುವಾಗ ಪ್ಯಾಕೇಜಿನ ರಿಲೀಸ್ ಸಂಖ್ಯೆಯನ್ನೂ ಪರಿಶೀಲಿಸಿದ ದಿನಾಂಕವನ್ನೂ ನಮೂದಿಸಿ, ಮುಂದಿನ ಅಪ್‌ಡೇಟ್ ಬಂದಾಗ ಅದನ್ನು ಮತ್ತೆ ತೆರೆದು ನೋಡಿ.