ಅಣೆಕಟ್ಟು ತೆಗೆದ ನದಿಗೆ ‘ಪುನಶ್ಚೇತನ’ ಎಂಬ ಪದ ಒಪ್ಪುತ್ತದೆಯೇ?

ಮಾನ್ಯರೇ,

ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಗೆ ಅಡ್ಡಲಾಗಿದ್ದ ಎರಡು ಅಣೆಕಟ್ಟುಗಳನ್ನು ತೆಗೆದ ಮೇಲೆ ಅಲ್ಲಿ ಏನೇನು ಬದಲಾಯಿತೆಂಬುದನ್ನು ತೋರಿಸುವ, ಊರಿಂದೂರಿಗೆ ಕೊಂಡೊಯ್ಯುವ ಸಂಚಾರಿ ಚಿತ್ರಪ್ರದರ್ಶನವೊಂದಕ್ಕೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ. ‘ರೆಸ್ಟೊರೇಶನ್’ ಎಂಬುದಕ್ಕೆ ತಕ್ಕ ಪದ ಸಿಗದೆ ಕೆಲಸ ನಿಂತಿದೆ.

ಪತ್ರಿಕೆಗಳಲ್ಲೂ ಸರ್ಕಾರಿ ಬರಹದಲ್ಲೂ ರೂಢಿಯಾಗಿರುವುದು ‘ಪುನಶ್ಚೇತನ’. ಆದರೆ ಕೆರೆಯ ಪುನಶ್ಚೇತನವೆಂದೊಡನೆ ನಮ್ಮ ಓದುಗರಿಗೆ ಹೊಳೆಯುವುದು ಹೂಳೆತ್ತಿ, ಏರಿಯನ್ನು ಭದ್ರಪಡಿಸಿ, ತೂಬು-ಕೋಡಿಗಳನ್ನು ಸರಿಮಾಡಿ ನೀರು ನಿಲ್ಲುವಂತೆ ಮಾಡುವ ಕೆಲಸ. ಎಲ್ವಾದಲ್ಲಾದರೋ ಕಟ್ಟೆಯನ್ನೇ ತೆಗೆದು, ನಿಂತ ನೀರನ್ನು ಹರಿಯಬಿಟ್ಟು, ಹೂಳನ್ನು ನದಿಯೇ ಸಾಗಿಸಲೆಂದು ಬಿಟ್ಟರು. ಹಳೆಯ ಪದವನ್ನೇ ಬಳಸಿದರೆ ಓದುವ ಮಕ್ಕಳ ಮನಸ್ಸಿನಲ್ಲಿ ತಲೆಕೆಳಗಾದ ಚಿತ್ರ ಮೂಡೀತೆಂಬುದು ನನ್ನ ಆತಂಕ. ‘ಜೀರ್ಣೋದ್ಧಾರ’ಕ್ಕೂ ಇದೇ ತೊಡಕಿದೆ, ಅಲ್ಲಿ ಕಟ್ಟಡ ಉಳಿಯಲೇಬೇಕು. ‘ಪುನರುಜ್ಜೀವನ’ವೆಂದರೆ ನದಿ ಸತ್ತಿತ್ತೆಂದು ಒಪ್ಪಿದಂತಾಗುತ್ತದೆ. ಎಲ್ವಾ ಸತ್ತಿರಲಿಲ್ಲ, 1913ರಲ್ಲಿ ಮುಗಿದ ಕೆಳಗಿನ ಅಣೆಕಟ್ಟಿನಲ್ಲಿ ಮೀನು ಏರಲು ದಾರಿಯನ್ನೇ ಬಿಡದ ಕಾರಣ ಸಾಲ್ಮನ್ ಮೀನುಗಳಿಗೆ ಸಮುದ್ರದಿಂದ ಸುಮಾರು 8 ಕಿ.ಮೀ. ಮಾತ್ರ ಉಳಿದಿತ್ತು, ಅದರಾಚೆಯ ನದಿ ಕಾಡಿನೊಳಗೆ ಹರಿಯುತ್ತಲೇ ಇತ್ತು. ಹಾಗಾಗಿ ‘ಮರುಹರಿವು’ ಎಂದು ಬರೆದುನೋಡಿದ್ದೇನೆ. ಆದರೆ ಬರಿದಾದ ಜಲಾಶಯಗಳ ನೆಲದಲ್ಲಿ ಅಲ್ಲಿನದೇ ಗಿಡಗಳನ್ನು ನೆಟ್ಟು ಬೆಳೆಸಿದ ಕೆಲಸವಾಗಲಿ, ಕ್ಲಾಲಂ ಬುಡಕಟ್ಟಿನವರು ತಮ್ಮ ಹುಟ್ಟಿನ ನೆಲೆಯೆಂದು ನಂಬುವ, ನೀರಿನಡಿ ಮುಳುಗಿದ್ದ ತಾಣ ಮತ್ತೆ ಕಾಣಿಸಿಕೊಂಡದ್ದಾಗಲಿ ಈ ಪದದೊಳಗೆ ಬಾರದು.

ಅಣೆಕಟ್ಟು ‘ಒಡೆಯಿತು’ ಎಂದರೆ ಅನಾಹುತ, ‘ತೆರವು’ ಎಂದರೆ ಒತ್ತುವರಿಯ ನೆನಪು. 2011ರ ಸೆಪ್ಟೆಂಬರಿನಿಂದ 2014ರ ಆಗಸ್ಟಿನವರೆಗೆ ಹಂತಹಂತವಾಗಿ ನಡೆದ ಕೆಲಸವಾದ್ದರಿಂದ ‘ಕಳಚಿದರು’ ಎಂದು ಬರೆದಿದ್ದೇನೆ. ಇದರ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ.

‘ಸೆಡಿಮೆಂಟ್’ ಇನ್ನೊಂದು ಬಗೆಯ ಪ್ರಶ್ನೆ. ಎರಡು ಕಟ್ಟೆಗಳ ಹಿಂದೆ ಸುಮಾರು 2.1 ಕೋಟಿ ಘನ ಮೀಟರ್ ಮಣ್ಣು, ಮರಳು, ಕಲ್ಲು ತುಂಬಿತ್ತು. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯವನ್ನು ಸುಮಾರು 105ಕ್ಕೆ ಇಳಿಸಿದ್ದು ಇಂಥದೇ ರಾಶಿ. ಅದನ್ನು ನಾವು ಹೂಳೆನ್ನುತ್ತೇವೆ, ಅಂದರೆ ಬೇಡದ್ದು. ಎಲ್ವಾದ ಹೂಳು ಕೆಳಗಿಳಿದು ಅಳಿವೆಯಲ್ಲಿ ಹೊಸ ಮರಳದಂಡೆಯನ್ನು ಕಟ್ಟಿತು. ಅಲ್ಲಿಗೆ ತಲುಪಿದ ಮೇಲೂ ಅದನ್ನು ಹೂಳೆನ್ನಲು ಮನಸ್ಸು ಒಪ್ಪುವುದಿಲ್ಲ. ಕಟ್ಟೆಯ ಹಿಂದಿದ್ದಾಗ ‘ಹೂಳು’, ಅಳಿವೆ ಸೇರಿದಾಗ ‘ಮೆಕ್ಕಲು’ ಎಂದು ಎರಡು ಪದ ಬಳಸಿದ್ದೇನೆ. ಮೂಲದಲ್ಲಿ ಎರಡಕ್ಕೂ ಒಂದೇ ಪದವಿರುವಾಗ ಹೀಗೆ ಬೇರ್ಪಡಿಸುವುದು ಸರಿಯೇ? ಮೆಕ್ಕಲೆಂದರೆ ನುಣ್ಣನೆಯ ಫಲವತ್ತಾದ ಮಣ್ಣು ಮಾತ್ರವೇ, ಮರಳು ಬೆಣಚುಕಲ್ಲುಗಳೂ ಅದರಲ್ಲಿ ಸೇರುತ್ತವೆಯೇ?

ಕಡೆಯದಾಗಿ, ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳ, ಗದ್ದೆಗಳತ್ತ ಮೊಟ್ಟೆಯಿಡಲು ಏರುವ ಮೀನಿಗೆ ಮಲೆನಾಡಿನಲ್ಲಿ ‘ಹತ್ತುಮೀನು’ ಎನ್ನುತ್ತಾರೆ. ಮೊಟ್ಟೆಯಿಡಲೆಂದೇ ಸಮುದ್ರದಿಂದ ನದಿಯೇರುವ ಸಾಲ್ಮನ್‌ಗೂ ಈ ಪದವನ್ನು ಹಿಗ್ಗಿಸಿದರೆ ಅದನ್ನು ಆಡುತ್ತ ಬೆಳೆದವರ ಕಿವಿಗೆ ಸರಿಯೆನಿಸುತ್ತದೆಯೇ? ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯವರು ದಯವಿಟ್ಟು ತಿಳಿಸಬೇಕು.