ಪುಟ್ಟೀ, ಆ ಬಂಗುಡೆ ಒಲೆ ಮೇಲೆ ಇಡಬೇಡ

ಪುಟ್ಟೀ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಟೈಪ್ ಮಾಡಲು ಕನ್ನಡಕ ಸಿಗುತ್ತಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತೇನೆ. ಬೆಳಿಗ್ಗೆ ಬಂಗುಡೆ ತಗೊಂಡೆ, ಬೇರೆ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ನಾಲ್ಕು ಗಂಟೆ ಕಾರಿನ ಡಿಕ್ಕಿಯಲ್ಲೇ ಇತ್ತು, ವಾಸನೆ ಏನೂ ಬಂದಿಲ್ಲ, ಸಂಜೆ ಅತ್ತೆ ಮಾವ ಊಟಕ್ಕೆ ಬರುತ್ತಾರೆ, ಮಸಾಲೆ ಜಾಸ್ತಿ ಹಾಕಿ ಕುದಿಸಿದರೆ ಸರಿಹೋಗುತ್ತೆ ಅಂತ ಅಳಿಯಂದಿರು ಹೇಳುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯ ಅಲ್ವಾ? ಬೇಡ ಮಗಾ. ಬಂಗುಡೆ ಕೆಟ್ಟಿದ್ದರೆ ಯಾವ ಮಸಾಲೆಗೂ ಬಗ್ಗುವುದಿಲ್ಲ.

ಅಳಿಯಂದಿರು ಬೇಜಾರು ಮಾಡಿಕೊಳ್ಳಬಾರದು. ಕುದಿಸಿದರೆ ಸರಿಹೋಗುತ್ತೆ ಅನ್ನುವ ಇದೇ ಮಾತನ್ನು ನಿನ್ನ ಅಜ್ಜಿಯೂ ಹೇಳಿದ್ದರು, ಶಿವಮೊಗ್ಗದಲ್ಲಿ, ನಾವು ದುರ್ಗಿಗುಡಿ ಮನೆಯಲ್ಲಿದ್ದಾಗ. ನಿನ್ನ ಅಮ್ಮ ಆಗ ತವರಿಗೆ ಹೋಗಿದ್ದಳು, ನೀನು ಹೊಟ್ಟೆಯಲ್ಲಿದ್ದೆ. ದೊಡ್ಡಪ್ಪನ ಆಫೀಸಿನವರನ್ನೆಲ್ಲ ರಾತ್ರಿ ಊಟಕ್ಕೆ ಕರೆದಿತ್ತು. ಕರಾವಳಿಯವರ ಮನೆ, ಮೀನಿಲ್ಲದೆ ಹೇಗೆ ಅಂತ ನಿನ್ನ ಚಿಕ್ಕಪ್ಪ ಗಂಗೊಳ್ಳಿಯಿಂದ ಒಂದು ಬುಟ್ಟಿ ಬಂಗುಡೆ ಐಸ್ ಹಾಕಿಸಿ ಬಸ್ಸಲ್ಲಿ ತಂದರು. ಆ ಬಸ್ಸೋ, ಹೊಸಂಗಡಿ ಹತ್ತಿರ ಕೆಟ್ಟು ನಿಂತಿತು. ಬಾಳೆಬರೆ ಘಾಟಿ ಹತ್ತುವ ಮೊದಲೇ ಐಸೆಲ್ಲ ಕರಗಿ ಸೀಟಿನ ಕೆಳಗೆ ನೀರು ಹರಿದು ಕಂಡಕ್ಟರ್ ಹತ್ತಿರ ಬೈಸಿಕೊಂಡರಂತೆ. ಮನೆಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಸರಿ, ಬಂದ ಮೇಲಾದರೂ ತಂಪಲ್ಲಿ ಇಡಬೇಕಲ್ವಾ? ನಿನ್ನ ಚಿಕ್ಕಮ್ಮ ಅಡುಗೆಮನೆಯಲ್ಲಿ ಜಾಗ ಇಲ್ಲ ಅಂತ ಬುಟ್ಟಿಯನ್ನು ತಗೊಂಡು ಹೋಗಿ ಬಚ್ಚಲಲ್ಲಿ ಹಂಡೆ ಪಕ್ಕ ಇಟ್ಟಳು. ಒಲೆ ಉರಿಯುತ್ತಿದೆ ಅಲ್ಲಿ!

ನಾನು ಒಳಗೆ ಕಲ್ಲಿನ ಮುಂದೆ ಕೂತು ಮಸಾಲೆ ಅರೆಯುತ್ತಿದ್ದೆ, ಬ್ಯಾಡಗಿ ಮೆಣಸಿನ ಉರಿ ಮೊಣಕೈವರೆಗೆ ಏರಿತ್ತು. ಸಂಜೆ ಮೀನು ಕೊಯ್ಯಲು ಕೂತು ಕಿವಿರು ಎತ್ತಿ ನೋಡಿದರೆ ಕೆಂಪಿರಬೇಕಾದ್ದು ಕಂದು ಬಣ್ಣ. ಹೊಟ್ಟೆ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯಿತು. ಅತ್ತೆ, ಇದು ಬೇಡ ಅಂದೆ. ಹುಳಿ ಖಾರ ಮುಂದೆ ಮಾಡಿ ಚೆನ್ನಾಗಿ ಕುದಿಸು, ಏನೂ ಆಗಲ್ಲ ಅಂದರು. ಆ ಕಾಲದಲ್ಲಿ ಸೊಸೆ ಮಾತಿಗೆ ಎಷ್ಟು ಬೆಲೆ ಇತ್ತು ಅಂತ ಈ ಗ್ರೂಪಲ್ಲಿರುವ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ.

ಊಟ ಮುಗಿದು ಎಲೆ ತೆಗೆಯುವ ಮೊದಲೇ ಶುರುವಾಯಿತು. ಒಬ್ಬರ ಮುಖ ಕೆಂಪು, ಕಿವಿವರೆಗೆ ಕೆಂಪು. ಇನ್ನೊಬ್ಬರು ತಲೆ ಸಿಡಿಯುತ್ತಿದೆ ಅಂದರು. ಒಬ್ಬರಿಗೆ ಎದೆ ಡವಡವ, ಮತ್ತೊಬ್ಬರಿಗೆ ಕುತ್ತಿಗೆ ತುಂಬ ಗಂಧೆ ಎದ್ದಿದೆ. ಎಲ್ಲರೂ ಹೇಳಿದ ಒಂದೇ ಮಾತು, ನಾಲಿಗೆ ಉರಿಯುತ್ತಿದೆ, ಖಾರ ಜಾಸ್ತಿ ಆಯಿತು ಅಂತ. ಅಲ್ಲಿಗೆ ತಪ್ಪು ನನ್ನ ಮಸಾಲೆಯದ್ದು! ದೊಡ್ಡಪ್ಪ ಓಡಿ ಹೋಗಿ ಪಕ್ಕದ ಬೀದಿಯ ಡಾಕ್ಟರನ್ನು ಕರೆದುಕೊಂಡು ಬಂದರು. ಅವರು ಇಂಜೆಕ್ಷನ್ ಕೊಟ್ಟು, ನಿಧಾನವಾಗಿ ಕೂತು ಹೇಳಿದರು. ಬಂಗುಡೆ, ಬೂತಾಯಿ, ಕೇದರ, ಇಂಥ ಮೀನು ಐಸ್ ಇಲ್ಲದೆ ಬಿಸಿಯಲ್ಲಿ ಇದ್ದರೆ ಮಾಂಸದೊಳಗೆ ಹಿಸ್ಟಮಿನ್ ಅಂತ ಒಂದು ವಿಷದಂಥದ್ದು ಆಗುತ್ತದೆ, ಆದ ಮೇಲೆ ಕುದಿಸಿದರೂ ಹೋಗಲ್ಲ, ಹುರಿದರೂ ಹೋಗಲ್ಲ, ನಾಲಿಗೆ ಉರಿಯುವುದು ಮೆಣಸಿಗಲ್ಲ, ಅದಕ್ಕೇ ಅಂತ. ವಾಸನೆ ಬರಲೇಬೇಕು ಅಂತಲೂ ಇಲ್ಲವಂತೆ. ಕೇಳಿಸಿತಾ ಪುಟ್ಟೀ? ವಾಸನೆ ಇಲ್ಲ ಅಂತ ಮೂಸಿ ನೋಡಿ ಧೈರ್ಯ ಮಾಡಬೇಡ. ಕೆಟ್ಟ ಬಂಗುಡೆ ಯಾವ ಮಸಾಲೆಗೂ ಬಗ್ಗುವುದಿಲ್ಲ.

ಇಷ್ಟೆಲ್ಲ ಡಾಕ್ಟರ್ ಎಲ್ಲರ ಎದುರಿಗೇ ಹೇಳಿದರು. ಆದರೂ ಹೆಸರು ಯಾರಿಗೆ ಬಂತು? ನನಗೆ. ಖಾರ ಬೇಡ ಅಂತ ಬರೀ ಉಪ್ಪು ಅರಿಶಿನ ಹಾಕಿ ಬೇಯಿಸಿದ ತುಂಡು ತಿಂದ ಪುಟ್ಟ ಹುಡುಗನಿಗೂ ಮೈಯೆಲ್ಲ ಕೆಂಪಾಗಿತ್ತಲ್ಲ, ಅವನು ಯಾವ ಮಸಾಲೆ ತಿಂದಿದ್ದ? ಅವತ್ತು ಒಪ್ಪೊತ್ತು ಅಂತ ಅತ್ತೆ ಮೀನು ಮುಟ್ಟಿರಲಿಲ್ಲ, ಅವರೊಬ್ಬರೇ ಹಾಯಾಗಿದ್ದರು. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಇವತ್ತಿಗೂ ಯಾರ ಮನೆ ಗೃಹಪ್ರವೇಶ ಆಗಲಿ, ದೊಡ್ಡಮ್ಮನ ಮೀನು ಸಾರು ಅಂದರೆ ಹುಷಾರು ಅಂತ ನಗುತ್ತೀರಿ. ಹಂಡೆ ಪಕ್ಕ ಬುಟ್ಟಿ ಇಟ್ಟವಳು ಒಂದು ದಿನ ಬಾಯಿ ಬಿಟ್ಟು ಹೇಳಿದ್ದುಂಟಾ? ಮೊನ್ನೆ ಸೀಮಂತದಲ್ಲಿ ಅವಳೂ ಎಲ್ಲರ ಜೊತೆ ನಕ್ಕಳು. ಈ ಗ್ರೂಪಲ್ಲೇ ಇದ್ದಾಳಲ್ಲ, ಕೇಳಲಿ. ಅಂದು ಮಸಾಲೆ ಅರೆದು ಕೈ ಉರಿಸಿಕೊಂಡವಳು ನಾನು, ಉಪ್ಪು ಸರಿ ಇದೆಯಾ ಅಂತ ನೋಡುವುದಕ್ಕೂ ಅವಳು ಒಳಗೆ ಬಂದಿರಲಿಲ್ಲ. ಈಗ ನೋಡಿದರೆ ಮೀನು ಸಾರಿನ ವಿಡಿಯೋ ಮಾಡಿ ಕಳಿಸುತ್ತಾಳೆ, ನೀವೆಲ್ಲ ಅದಕ್ಕೆ ಹೂವಿನ ಚಿತ್ರ ಹಾಕುತ್ತೀರಿ. ಹಾಕಿ, ನನಗೇನು.

ಅಯ್ಯೋ, ನೀನು ಕೇಳಿದ್ದು ಬೇರೆ ಅಲ್ವಾ, ಸಂಜೆ ಹತ್ತಿರ ಬಂತು. ನೋಡು, ಆ ಬಂಗುಡೆ ಕಾಗದದಲ್ಲಿ ಸುತ್ತಿ ಎಸೆದುಬಿಡು. ಫ್ರೀಜರಿಗೆ ಹಾಕಿ ನಾಳೆ ನೋಡೋಣ ಅಂತಲೂ ಬೇಡ, ಆದದ್ದು ತಂಪಿಗೂ ಹೋಗಲ್ಲ. ಈಗಾಗಲೇ ಒಂದು ತುಂಡು ಹುರಿದು ರುಚಿ ನೋಡಿದ್ದರೆ, ಮುಖ ಕೆಂಪಾಗುವುದು, ತಲೆನೋವು, ಗಂಧೆ ಏನಾದರೂ ಕಂಡರೆ ಡಾಕ್ಟರ್ ಹತ್ತಿರ ಹೋಗು. ಉಸಿರು ಕಟ್ಟಿದ ಹಾಗೆ ಅನಿಸಿದರೆ ಸೀದಾ ಆಸ್ಪತ್ರೆಗೆ.

ಇನ್ನು ಮುಂದೆ ಮೀನಿಗೆ ಅಂತ ಹೋದರೆ ಅದೇ ಕೊನೆಯ ಕೆಲಸ ಆಗಿರಲಿ. ಥರ್ಮಾಕೋಲ್ ಡಬ್ಬದಲ್ಲಿ ಐಸ್ ತಗೊಂಡು ಹೋಗು. ಅಂಗಡಿಯಲ್ಲೇ ಹೊಟ್ಟೆ ಕಿವಿರು ತೆಗೆಸು. ಬಂದ ಕೂಡಲೇ ಫ್ರಿಜ್ಜಿಗೆ ಹಾಕಿ ಅವತ್ತೇ ಮಾಡು. ಅದೂ ಈಗ ಜುಲೈ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮಲ್ಪೆ, ಗಂಗೊಳ್ಳಿ ಎಲ್ಲ ಕಡೆ ಬೋಟು ದಡದಲ್ಲಿವೆ. ನಿಮ್ಮ ಬೆಂಗಳೂರಿಗೆ ಬಂದದ್ದು ಎಲ್ಲಿಯ ಬಂಗುಡೆಯೋ, ಎಷ್ಟು ದಿನ ಐಸಲ್ಲಿತ್ತೋ.

ಅರೆದಿಟ್ಟ ಮಸಾಲೆ ಹಾಳು ಮಾಡಬೇಡ, ಮೀನಿಗೆ ಸೋಕಿಲ್ಲ ತಾನೇ? ಅದಕ್ಕೆ ಹುಣಸೆ ರಸ, ಉಪ್ಪು ಹಾಕಿ ಚೆನ್ನಾಗಿ ಕುದಿಸು. ಸಣ್ಣ ಉರಿ ಮಾಡಿ ಮೊಟ್ಟೆ ಒಂದೊಂದೇ ಒಡೆದು ಬಿಡು, ಸೌಟು ಹಾಕಬೇಡ, ಒಡೆದು ಹೋಗುತ್ತದೆ. ಬೆಂದ ಮೇಲೆ ಬೆಳ್ಳುಳ್ಳಿ ಜಜ್ಜಿ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಕೊಡು. ಕುಚ್ಚಲಕ್ಕಿ ಅನ್ನ ಮಾಡು, ನಿನ್ನ ಮಾವನಿಗೆ ಅದೇ ಇಷ್ಟ. ಮತ್ತೆ ಮಸಾಲೆಗೆ ನಾನು ಕಳಿಸಿದ ಬ್ಯಾಡಗಿ ಮೆಣಸು ಹಾಕಿದ್ದೀಯಾ, ಇಲ್ಲ ಅಂಗಡಿ ಪುಡಿಯಾ?