ಸಹಾಯ ಬೇಕು: ವಂಶಮೂಲ ತಿಳಿಯೋಕೆ ಯಾವ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವ ವಿಧಾನ) ವಾಸಿ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಗುರುತು ಸಿಗದ ಶವದ ಡಿಎನ್‌ಎ ನೋಡಿ ವ್ಯಕ್ತಿ ಯಾವ ಕಡೆಯವರಿರಬಹುದು ಅಂತ ಊಹಿಸುವ ವಿಧಾನಗಳನ್ನು ಹೋಲಿಸುವುದು ನನ್ನ ಪ್ರಾಜೆಕ್ಟ್.

ಮಲೆನಾಡಿನ ಕಾಡಲ್ಲಿ ಒಂದು ಮಳೆಗಾಲ ನೆನೆದ ಮೂಳೆ ಅಂದ್ರೆ ಗೊತ್ತಲ್ಲ, ಡಿಎನ್‌ಎ ಚೂರುಚೂರಾಗಿರುತ್ತದೆ. ಮಾಮೂಲಿ ಎಸ್‌ಟಿಆರ್ ಪರೀಕ್ಷೆಯಲ್ಲಿ (ಡಿಎನ್‌ಎಯಲ್ಲಿ ಮತ್ತೆಮತ್ತೆ ಬರುವ ಚಿಕ್ಕ ಸಾಲುಗಳನ್ನು ಎಣಿಸುವುದು) ಉದ್ದನೆಯ ತುಣುಕುಗಳು ಕೈಕೊಡುತ್ತವೆ. ಎಸ್‌ಎನ್‌ಪಿಗೆ, ಅಂದ್ರೆ ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ ನೋಡೋಕೆ, ಗಿಡ್ಡ ತುಣುಕೇ ಸಾಕು. ಹಾಗಾಗಿ ಅಯಾನ್ ಟೊರೆಂಟ್ ಎಂಬ ಸೀಕ್ವೆನ್ಸಿಂಗ್ ಯಂತ್ರದ 165 ಎಸ್‌ಎನ್‌ಪಿ ಪ್ಯಾನೆಲ್ (ಒಟ್ಟಿಗೆ ಪರೀಕ್ಷಿಸುವ ಎಸ್‌ಎನ್‌ಪಿಗಳ ಗುಂಪು) ಕಡೆ ಮನಸ್ಸಿದೆ. ಇನ್ನೊಂದು ಬಗೆಯ ಸೀಕ್ವೆನ್ಸಿಂಗ್ ಯಂತ್ರವಾದ ನ್ಯಾನೊಪೋರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ನಿಜ. ಆದರೆ ಎಎಎಎಎ ಅಂತ ಒಂದೇ ಅಕ್ಷರ ಸಾಲಾಗಿ ಬಂದಲ್ಲಿ ಎಣಿಕೆ ತಪ್ಪುತ್ತದೆ. (ಅಯಾನ್ ಟೊರೆಂಟ್‌ಗೂ ಈ ಕಾಯಿಲೆ ಇದೆ ಬಿಡಿ.)

ಇದಕ್ಕಿಂತ ದೊಡ್ಡ ತಲೆನೋವು ಹೋಲಿಕೆಗೆ ಬೇಕಾದ ಮಾದರಿಗಳದ್ದು. ಬೇರೆ ಬೇರೆ ದೇಶಗಳ ಜನರ ಡಿಎನ್‌ಎ ಮಾಹಿತಿ ಇರುವ 1000 ಜೀನೋಮ್ಸ್ ಸಂಗ್ರಹದಲ್ಲಿ ಬ್ರಿಟನ್‌ನಲ್ಲಿರುವ ತೆಲುಗರು, ಶ್ರೀಲಂಕಾ ತಮಿಳರು, ಹ್ಯೂಸ್ಟನ್‌ನ ಗುಜರಾತಿಗಳು ಇದ್ದಾರೆ. ಕನ್ನಡಿಗರ ಗುಂಪೇ ಇಲ್ಲ! ಪ್ಯಾನೆಲ್ ಸುಮ್ನೆ ‘ದಕ್ಷಿಣ ಏಷ್ಯಾ’ ಅಂದುಬಿಟ್ಟರೆ ನಮ್ಮ ಸಾಗರ ತಾಲ್ಲೂಕಿನ ಪೊಲೀಸರಿಗೆ ಏನು ಉಪಯೋಗ, ಅಲ್ವಾ?

ಈ ಪ್ಯಾನೆಲ್ ಬಳಸಿದವರು ಯಾರಾದರೂ ಇದ್ದೀರಾ? ದಕ್ಷಿಣ ಭಾರತದ ಮಾದರಿಗಳು ಒಳಗೊಳಗೇ ಬೇರೆಯಾಗಿ ಕಂಡವಾ? ಡಿಎನ್‌ಎ ನೋಡಿ ಮಾದರಿಗಳನ್ನು ಗುಂಪು ಮಾಡುವ ಸ್ಟ್ರಕ್ಚರ್ ಸಾಫ್ಟ್‌ವೇರ್‌ನಲ್ಲಿ ಕೆ (ಗುಂಪುಗಳ ಸಂಖ್ಯೆ) ಎಷ್ಟಿಟ್ಟಿರಿ? ಕರ್ನಾಟಕದ ಎಸ್‌ಎನ್‌ಪಿ ಡೇಟಾ ಎಲ್ಲಾದರೂ ಸಿಗೋದಿದ್ದರೆ ದಯವಿಟ್ಟು ಹೇಳಿ. ಗೈಡ್ ಮುಂದೆ ಈ ವಾರವೇ ವಿಧಾನ ಇಡಬೇಕು.